ದೊಡ್ಡ ಗಾಡಿಯವರದ್ದೇ ತಪ್ಪಂತೆ: ಸ್ಟೇಷನ್ನು, ಸರ್ವೇಯರು ಮತ್ತೆ ನಮ್ಮ ಕಾರು

ಎಲ್ಲರಿಗೂ ನಮಸ್ಕಾರ. ನಮ್ಮ ರೋಡುಗಳಲ್ಲಿ ಯಾರೂ ಬರೆಯದ ಕಾನೂನೊಂದಿದೆ. ಲಾರಿಗೂ ಕಾರಿಗೂ ಡಿಕ್ಕಿಯಾದ್ರೆ ಲಾರಿಯವನದ್ದೇ ತಪ್ಪು. ಕಾರಿಗೂ ಬೈಕಿಗೂ ಆದ್ರೆ ಕಾರಿನವರದ್ದು. ಬೈಕಿಗೂ ನಡ್ಕೊಂಡು ಹೋಗೋರಿಗೂ ಆದ್ರೆ ಬೈಕಿನವನದ್ದು. ಸ್ಟೇರಿಂಗ್ ಹಿಂದೆ ಕೂತಿರೋದು ಹೆಂಗಸು ಅಂತ ಕಂಡ್ರೆ ಮುಗೀತು, ವಿಚಾರಣೆನೇ ಬೇಡ, ತೀರ್ಪು ಅಲ್ಲೇ.

ಈಗ ಸ್ಕ್ರೀನ್ ಮೇಲೆ ಬರ್ತಿರೋದು ನನ್ನ ಡ್ಯಾಶ್‌ಕ್ಯಾಮ್ ಕ್ಲಿಪ್. ಮುಖ, ನಂಬರ್ ಪ್ಲೇಟ್ ಎಲ್ಲಾ ಮಸುಕು ಮಾಡಿದ್ದೀನಿ. ಬಿ.ಎಚ್. ರೋಡು, ಎಡಗಡೆ ಉದ್ದಕ್ಕೂ ತೆಂಗಿನ ತೋಟ. ಆ ತೋಟದ ಮಣ್ಣು ದಾರಿ ಬಂದು ರೋಡಿಗೆ ಸೇರೋ ಜಾಗದಲ್ಲಿ ಒಂದು ಬೈಕ್ ಕಾಣುತ್ತೆ, ನೋಡಿ. ನಿಲ್ಲಿಸ್ತಾನೆ ಅಂತ ಅನ್ಸುತ್ತೆ. ನಾನು ಮುಂದೆ ಬರ್ತೀನಿ, ಬೈಕ್ ಫ್ರೇಮಿನಿಂದ ಆಚೆ ಹೋಗುತ್ತೆ, ಆಮೇಲೆ ಸದ್ದು. ಈಗ ಈ ಫೋಟೋ: ಹಿಂದಿನ ಎಡಗಡೆ ಬಾಗಿಲು ಒಳಕ್ಕೆ ಕುಸಿದಿದೆ, ಹಿಡಿಕೆ ಪಕ್ಕ ಹ್ಯಾಂಡಲ್‌ಬಾರ್ ಗೀಚಿರೋ ಕಪ್ಪು ಗೆರೆ. ಮುಂದಿನ ಬಂಪರ್ ಮೇಲೆ ಒಂದು ಗೀರೂ ಇಲ್ಲ. ನಾನು ಹೋಗಿ ಗುದ್ದಿದ್ರೆ ಹಿಂದಿನ ಬಾಗಿಲು ಹೇಗೆ ಹೋಗುತ್ತೆ ಅಂತ ಯಾರಾದ್ರೂ ಕೇಳ್ಬೇಕಲ್ವಾ? ಕೇಳಲ್ಲ. ಜನ ಸೇರಿದ್ರು, ಒಬ್ಬ ಕಾರಿನ ಕೀ ಕಿತ್ಕೊಂಡ. ಬೈಕಿನ ಹುಡುಗ ರೋಡಿನ ಪಕ್ಕ ಭುಜ ಹಿಡ್ಕೊಂಡು ಕೂತಿದ್ದ. ನನಗೆ ಆಗ ಕಂಡಿದ್ದು ಅವನೊಬ್ಬನೇ. 108ಕ್ಕೆ ಫೋನ್ ಮಾಡಿದೆ, 112ಕ್ಕೂ ಮಾಡಿದೆ.

ಗಾಯಾಳುವಿಗೆ ಚಿಕಿತ್ಸೆ ಸಿಗೋ ಹಾಗೆ ನೋಡ್ಕೊಳ್ಳೋದು, ಪೊಲೀಸರಿಗೆ ತಿಳಿಸೋದು, ಇನ್ಶೂರೆನ್ಸ್ ಕಂಪನಿಗೆ ತಿಳಿಸೋದು, ಈ ಮೂರೂ ಡ್ರೈವರ್ ಕರ್ತವ್ಯ ಅಂತ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಹೇಳುತ್ತೆ. ಜನ ಹೊಡೆಯೋಕೆ ಬಂದ್ರೆ ಅಲ್ಲೇ ನಿಂತ್ಕೊಂಡಿರು ಅಂತ ಕಾನೂನೂ ಹೇಳಲ್ಲ. ಉದ್ರಿಕ್ತ ಗುಂಪು ಅನ್ನೋ ಮಾತು ಆ ಸೆಕ್ಷನ್ ಒಳಗೇ ಇದೆ. ಅಂಥ ಹೊತ್ತಲ್ಲಿ ನೇರ ಹತ್ತಿರದ ಸ್ಟೇಷನ್‌ಗೆ ಹೋಗಿ ಹೇಳೋದು ಓಡಿಹೋದ ಹಾಗಲ್ಲ.

ರೋಡಿನ ಆಚೆ ಒಂದು ಟೀ ಅಂಗಡಿ ಇತ್ತು. ಅಂಗಡಿಯವ್ರು ಮೊದಲಿಂದ ಕೊನೆವರೆಗೂ ನೋಡಿದ್ರು. "ಹುಡುಗ ನೋಡ್ದೇ ನುಗ್ಗಿದ ಕಣಮ್ಮ, ನಿಂದೇನೂ ಇಲ್ಲ" ಅಂತ ನನ್ನ ಕೈಗೆ ನೀರು ಕೊಟ್ಟು ಹೇಳಿದ್ರು. ಅದನ್ನೇ ಪೊಲೀಸರ ಮುಂದೆ ಹೇಳಿ ಅಂದ್ರೆ, "ಕೋರ್ಟು ಕಚೇರಿ ಅಲೆಯೋಕೆ ನಮ್ಮ ಕೈಲಾಗಲ್ಲ ತಾಯಿ." ಅವರನ್ನ ಬೈಯೋ ಮನಸ್ಸು ನನಗಿಲ್ಲ. ಆದ್ರೆ ಅವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ತೀನಿ.

2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ರಸ್ತೆಯಲ್ಲಿ ಗಾಯಾಳುಗಳಿಗೆ ನೆರವಾಗೋರನ್ನ ಕಾಪಾಡೋ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಡ್ತು. ನಮ್ಮ ರಾಜ್ಯ ಅದೇ ವರ್ಷ ಇದಕ್ಕೇ ಅಂತ ತನ್ನದೇ ಮಸೂದೆ ಪಾಸು ಮಾಡ್ತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಅಂತ ಸೇರಿಸಿದ್ರು. ಆಸ್ಪತ್ರೆಗೆ ಕರ್ಕೊಂಡು ಹೋದವರನ್ನ ಹೆಸರು ಹೇಳು, ವಿಳಾಸ ಹೇಳು ಅಂತ ಬಲವಂತ ಮಾಡೋ ಹಾಗಿಲ್ಲ. ಸಾಕ್ಷಿ ಹೇಳ್ತೀನಿ ಅಂತ ಅವರೇ ಒಪ್ಪಿದ್ರೆ, ಅವರಿಗೆ ಅನುಕೂಲ ಆಗೋ ಜಾಗದಲ್ಲಿ, ಅನುಕೂಲ ಆಗೋ ಹೊತ್ತಲ್ಲಿ, ಒಂದೇ ಸಲಕ್ಕೆ ವಿಚಾರಿಸಿ ಮುಗಿಸ್ಬೇಕು. ಪೊಲೀಸ್ನೋರು ಯೂನಿಫಾರ್ಮ್ ಹಾಕ್ಕೊಂಡು ಮನೆಗೆ ಹೋಗೋ ಹಾಗೂ ಇಲ್ಲ. ಗಾಡಿ ಓಡಿಸ್ತಿದ್ದ ನನ್ನಂಥವಳಿಗೆ ಈ ರಕ್ಷಣೆ ಇಲ್ಲ. ಇದು ಮೂರನೆಯವರಿಗೆ. ಅಷ್ಟೆಲ್ಲಾ ಹೇಳಿದ ಮೇಲೆ ಅಂಗಡಿಯವರು, "ಬೆಳಗ್ಗೆ ಹಾಲು ಬರೋಕ್ ಮುಂಚೆ ಬರ್ಲಿ, ಇಲ್ಲೇ ಹೇಳ್ತೀನಿ" ಅಂದ್ರು. ಹೇಳಿದ್ರು ಕೂಡ.

ಸ್ಟೇಷನ್‌ಗೆ ಬರೋಣ. ಯಾವ ಊರಿನ ಸ್ಟೇಷನ್ ಅಂತ ಹೇಳಲ್ಲ. ಒರಟಾಗಿ ಯಾರೂ ಮಾತಾಡ್ಲಿಲ್ಲ, ಅಪ್ಪನಿಗೆ ಕುರ್ಚಿ ಕೊಟ್ರು. ಆದ್ರೆ ಎಫ್‌ಐಆರ್ ಕಾಪಿ ಕೈಗೆ ಬಂದಾಗ ಓದಿದ್ದು ಇದು: "ಕಾರನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು ಡಿಕ್ಕಿಪಡಿಸಿದ ಪರಿಣಾಮ..." ದೂರು ಕೊಟ್ಟಿದ್ದು ಹುಡುಗನ ಚಿಕ್ಕಪ್ಪ. ಅವ್ರು ಆ ಹೊತ್ತಲ್ಲಿ ಊರಲ್ಲೇ ಇರ್ಲಿಲ್ಲ. ಅತಿವೇಗ, ಅಜಾಗರೂಕತೆ ಈ ಜೋಡಿ ನಮ್ಮ ರಾಜ್ಯದ ಆಕ್ಸಿಡೆಂಟ್ ದೂರುಗಳಲ್ಲಿ ಶ್ರೀಕಾರದ ಹಾಗೆ, ಇಲ್ಲದೇ ಶುರುವೇ ಆಗಲ್ಲ. ಸೆಕ್ಷನ್ನು ಭಾರತೀಯ ನ್ಯಾಯ ಸಂಹಿತೆ 281. ಹುಡುಗನ ಕಾಲರ್ ಬೋನ್ ಮುರಿದಿದ್ರಿಂದ ಜೊತೆಗೆ 125(ಬಿ). 2024ರ ಜುಲೈ 1ಕ್ಕೆ ಮುಂಚೆ ಇದೇ ಐಪಿಸಿ 279, 338 ಆಗಿತ್ತು. ವಕೀಲರು ಈಗಲೂ ಬಾಯಲ್ಲಿ ಟೂ ಸೆವೆಂಟಿನೈನ್ ಅಂತಾನೇ ಅಂತಾರೆ. ಎರಡೂ ಜಾಮೀನು ಸಿಗೋ ಸೆಕ್ಷನ್ನುಗಳೇ, ಸ್ಟೇಷನ್ ಬೇಲ್ ಆಗುತ್ತೆ. ಒಬ್ಬ ಜಾಮೀನುದಾರ, ಆಧಾರ್ ಕಾಪಿ, ಸಹಿ.

ಎಫ್‌ಐಆರ್‌ನಲ್ಲಿ ನಿಮ್ಮ ಹೆಸರಿದೆ ಅಂದ ಮಾತ್ರಕ್ಕೆ ನೀವು ತಪ್ಪಿತಸ್ಥರಲ್ಲ. ಅದು ಒಬ್ಬರು ಹೇಳಿದ ಮಾತನ್ನ ಬರ್ಕೊಂಡಿರೋದು, ಅಷ್ಟೇ. ನಿಮ್ಮ ಮಾತನ್ನೂ ನೀವು ಬರೆದು ಕೊಡಬೇಕು. ನಾನು ಕೊಟ್ಟ ದೂರಿಗೆ ಹಿಂಬರಹ, ಅಂದ್ರೆ ದೂರು ಬಂದಿದೆ ಅಂತ ಸ್ಟೇಷನ್ನಿಂದ ಬರೆದು ಕೊಡೋ ಚೀಟಿ, ಕೇಳ್ದೆ. "ಒಂದೇ ಘಟನೆಗೆ ಎರಡು ಕೇಸ್ ಯಾಕೆ ಮೇಡಂ" ಅಂದ್ರು. ನಾನು ವಾದ ಮಾಡ್ಲಿಲ್ಲ. ಸ್ಟೇಷನ್‌ನಲ್ಲಿ ತಗೊಳ್ದೇ ಇದ್ರೆ ಅದೇ ದೂರನ್ನ ಪೋಸ್ಟಲ್ಲಿ ಎಸ್‌ಪಿಗೆ ಕಳಿಸೋಕೆ ಬಿಎನ್‌ಎಸ್‌ಎಸ್, ಅಂದ್ರೆ ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ಕಾನೂನಿನ 173ನೇ ಸೆಕ್ಷನ್ನಲ್ಲೇ ದಾರಿ ಇದೆ ಅಂತ ನಮ್ಮ ವಕೀಲರು ಹೇಳಿಕೊಟ್ಟಿದ್ರು. ರಿಜಿಸ್ಟರ್ಡ್ ಪೋಸ್ಟ್ ರಸೀದಿ ನೋಡಿ, ಇದೇ. ಆಮೇಲೆ ಹಿಂಬರಹನೂ ಬಂತು.

ಸ್ಥಳ ಮಹಜರಿಗೆ ನಾನೇ ಹೋಗಿ ನಿಂತೆ. ತೋಟದ ದಾರಿ ಎಲ್ಲಿ ಸೇರುತ್ತೆ, ಗಾಜಿನ ಚೂರು ಎಲ್ಲಿ ಬಿದ್ದಿದೆ, ರೋಡ್ ಅಗಲ ಎಷ್ಟು, ಇದು ಸ್ಕೆಚ್‌ನಲ್ಲಿ ಬಂದಿದೆಯಾ ಅಂತ ನೋಡಿದೆ. ಮೊದಲು ಬರೆದ ಸ್ಕೆಚ್‌ನಲ್ಲಿ ಆ ಮಣ್ಣು ದಾರಿನೇ ಇರ್ಲಿಲ್ಲ! ಹೇಳಿದ ಮೇಲೆ ಎಎಸ್‌ಐ ಎಳೆದ್ರು, ಎರಡು ಗೆರೆ. ಆ ಎರಡು ಗೆರೆ ಇಲ್ದಿದ್ರೆ ಬೈಕ್ ಆಕಾಶದಿಂದ ಬಿತ್ತು ಅಂತ ನಾಳೆ ಕೋರ್ಟಲ್ಲಿ ಹೇಳ್ಬೇಕಿತ್ತು. ಇನ್ನು ಪೊಲೀಸರ ಮುಂದೆ ಕೊಡೋ ಹೇಳಿಕೆಗೆ ಸಹಿ ಹಾಕಿಸೋ ಹಾಗಿಲ್ಲ, ಕಾನೂನೇ ಹಾಗಿದೆ. ಖಾಲಿ ಹಾಳೆಗಂತೂ ಯಾರು ಕೇಳಿದ್ರೂ ಸಹಿ ಹಾಕ್ಬೇಡಿ.

ಕಾರು ಸ್ಟೇಷನ್ ಕಾಂಪೌಂಡಲ್ಲಿ, ಹುಣಸೇಮರದ ಕೆಳಗೆ ನಿಂತಿತ್ತು. ಆರ್‌ಟಿಒದಿಂದ ಬ್ರೇಕ್ ಇನ್ಸ್‌ಪೆಕ್ಟರ್ ಬಂದು ನೋಡೋವರೆಗೂ ಮುಟ್ಟೋ ಹಾಗಿಲ್ಲ. ಬ್ರೇಕ್ ಸರಿ ಇತ್ತಾ, ಗಾಡಿಯಲ್ಲೇ ದೋಷ ಇತ್ತಾ, ಎಲ್ಲೆಲ್ಲಿ ಡ್ಯಾಮೇಜ್ ಆಗಿದೆ ಅಂತ ಅವ್ರು ಕೊಡೋದು ಐಎಂವಿ ರಿಪೋರ್ಟ್. "ಎಡಗಡೆ ಹಿಂದಿನ ಬಾಗಿಲು ಜಖಂ" ಅಂತ ಅದರಲ್ಲಿ ಬಂತು. ನನ್ನ ಇಡೀ ಕೇಸಿನ ಬೆನ್ನೆಲುಬು ಆ ಒಂದು ಸಾಲು. ಆರ್‌ಸಿ ಅಪ್ಪನ ಹೆಸರಲ್ಲಿರೋದ್ರಿಂದ, ಆವತ್ತು ಗಾಡಿ ಓಡಿಸ್ತಿದ್ದಿದ್ದು ಯಾರು ಅಂತ ಅಪ್ಪನಿಗೆ ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ನೋಟಿಸ್ ಬಂತು. ಉತ್ತರ ಬರೆದುಕೊಟ್ರು. ಗಾಡಿ ಬಿಡಿಸ್ಕೊಳ್ಳೋಕೆ ಕೋರ್ಟಿಗೆ ಅರ್ಜಿ, ಬಾಂಡು, ಅದೊಂದು ದೊಡ್ಡ ಕಥೆ, ಬಿಡಿ.

ಇನ್ಶೂರೆನ್ಸ್. ಇಲ್ಲಿ ತುಂಬಾ ಜನ ಎರಡು ಬೇರೆ ಬೇರೆ ವಿಷಯಗಳನ್ನ ಕಲಸಿಬಿಡ್ತಾರೆ. ನಮ್ಮ ಕಾರಿನ ರಿಪೇರಿಗೆ ಕೇಳೋದು ಓನ್ ಡ್ಯಾಮೇಜ್. ಅದಕ್ಕೆ ತಪ್ಪು ಯಾರದ್ದು ಅನ್ನೋ ಪ್ರಶ್ನೆನೇ ಇಲ್ಲ. ನನ್ನದೇ ತಪ್ಪಾಗಿದ್ರೂ ಲೈಸೆನ್ಸ್ ಇದ್ದು, ಕುಡಿದಿಲ್ಲ ಅಂದ್ರೆ ಕೊಡಬೇಕು. ನಮ್ಮ ಕಂಪನಿಯ ಕಡೆಯವರು ಫೋನಲ್ಲಿ, "ಎಫ್‌ಐಆರ್ ನಿಮ್ಮ ಮೇಲಿದೆಯಲ್ಲ ಮೇಡಂ, ಕೇಸ್ ಮುಗೀಲಿ, ನೋಡೋಣ" ಅಂದ್ರು. ಪಾಲಿಸಿಯಲ್ಲಿ ಹಾಗಂತ ಎಲ್ಲಿ ಬರೆದಿದೆ, ಆ ಷರತ್ತಿನ ನಂಬರ್ ಹಾಕಿ ಇಮೇಲ್ ಮಾಡಿ ಅಂದೆ. ಇಮೇಲ್ ಬರ್ಲಿಲ್ಲ, ಡ್ಯಾಮೇಜ್ ನೋಡಿ ಲೆಕ್ಕ ಹಾಕೋ ಸರ್ವೇಯರ್ ಬಂದ್ರು. ಈ ಪ್ರಶ್ನೆ ನೀವೂ ಕೇಳಿ, ಮಂತ್ರದ ಹಾಗೆ ಕೆಲಸ ಮಾಡುತ್ತೆ. ಕೇಳಿದ್ರೂ ಬಗ್ಗಲಿಲ್ಲ ಅಂದ್ರೆ ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರಹದಲ್ಲಿ ದೂರು, ಆಮೇಲೆ ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡೋ ಐಆರ್‌ಡಿಎಐನ ಬಿಮಾ ಭರೋಸಾ ವೆಬ್‌ಸೈಟು, ಫೋನ್ ಆದ್ರೆ 155255. ಒಂದು ತಿಂಗಳಾದ್ರೂ ಉತ್ತರ ಇಲ್ಲ ಅಂದ್ರೆ ಬೆಂಗಳೂರಲ್ಲೇ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ, ಫೀಸಿಲ್ಲ, ವಕೀಲರೂ ಬೇಡ.

ಸರ್ವೇಯರ್ ನೋಡೋಕೆ ಮುಂಚೆ ಗ್ಯಾರೇಜಿನವರು ಬಾಗಿಲು ಬಿಚ್ಚಬಾರದು. ಝೀರೋ ಡೆಪ್, ಅಂದ್ರೆ ಸವಕಳಿ ಕಳೆಯದೇ ದುಡ್ಡು ಕೊಡೋ ಕವರ್, ಇಲ್ದಿದ್ರೆ ಪ್ಲಾಸ್ಟಿಕ್ಕು, ರಬ್ಬರ್ ಭಾಗಗಳಿಗೆ ಅರ್ಧ ದುಡ್ಡು ನಮ್ಮದೇ. ಕ್ಲೇಮ್ ಮಾಡಿದ್ರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಹೋಗುತ್ತೆ. ಸಣ್ಣ ಗೀರಿಗೆ ಲೆಕ್ಕ ಹಾಕಿ, ಬಿಟ್ಬಿಡೋದೇ ಲಾಭ.

ಎರಡನೇದು ಥರ್ಡ್ ಪಾರ್ಟಿ. ಆ ಹುಡುಗ ಪರಿಹಾರ ಕೇಳೋದು. ಇದು ಎಂಎಸಿಟಿ, ಅಂದ್ರೆ ಆಕ್ಸಿಡೆಂಟ್ ಪರಿಹಾರ ತೀರ್ಮಾನಿಸೋ ಕೋರ್ಟಿಗೆ ಹೋಗುತ್ತೆ, ಆಕ್ಸಿಡೆಂಟ್ ಆಗಿ ಆರು ತಿಂಗಳೊಳಗೆ ಹಾಕ್ಬೇಕು. ಗಾಡಿ ಮಾಲೀಕ ಅಂತ ಅಪ್ಪನ ಹೆಸರಿಗೆ ನೋಟಿಸ್ ಬಂದಾಗ ಅವರು ರಾತ್ರಿ ಊಟ ಬಿಟ್ರು. ಇಷ್ಟು ಲಕ್ಷ ಅಂತ ಅದರಲ್ಲಿತ್ತು. ಅಪ್ಪಾ, ಇದಕ್ಕೇ ಅಲ್ವಾ ವರ್ಷ ವರ್ಷ ಪ್ರೀಮಿಯಂ ಕಟ್ಟೋದು ಅಂತ ಸಮಾಧಾನ ಮಾಡಿ, ಮಾರನೇ ದಿನವೇ ನೋಟಿಸ್ ಕಾಪಿನ ಕಂಪನಿಗೆ ಕಳಿಸ್ದೆ. ಆ ನೋಟಿಸ್ ಮೂಲೆಗೆ ಎಸೆದು ಸುಮ್ಮನಾದ್ರೆ ನಮ್ಮ ಮಾತು ಕೇಳದೇ ಕೇಸ್ ಮುಂದಕ್ಕೆ ಹೋಗುತ್ತೆ. ಡಿಎಲ್ ಚಾಲ್ತಿಯಲ್ಲಿ ಇರ್ಲಿಲ್ಲ ಅಂತಾದ್ರೆ ಕಂಪನಿ ಹುಡುಗನಿಗೆ ಕೊಟ್ಟು ಆಮೇಲೆ ನಮ್ಮಿಂದ ವಸೂಲಿ ಮಾಡೋಕೂ ಆಗುತ್ತೆ. ಕಂಪನಿ ವಕೀಲರು ಕಂಪನಿ ವಕೀಲರೇ, ನಮ್ಮವರಲ್ಲ.

ಹುಡುಗನ ತಂದೆ ಒಂದು ದಿನ ಆಸ್ಪತ್ರೆ ಕಾರಿಡಾರಲ್ಲಿ ಸಿಕ್ರು. ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಮಡಿಸ್ತಾ ಹೇಳಿದ್ರು: "ನಿನ್ನ ಮೇಲೆ ನಮಗೇನೂ ಸಿಟ್ಟಿಲ್ಲ ಕಣವ್ವ. ಬೈಕಿಗೆ ಇನ್ಶೂರೆನ್ಸ್ ಇಲ್ಲ. ನಿನ್ ತಪ್ಪು ಅಂತ ಆದ್ರೆ ನಿಮ್ ಕಂಪನಿಯಿಂದ ಬರುತ್ತೆ ಅಂದ್ರು, ಅದಕ್ಕೆ." ಯಾರು ಅಂದ್ರು ಅಂತ ನಾನು ಕೇಳ್ಲಿಲ್ಲ. ಇಂಥ ಸಲಹೆ ಕೊಡೋರು ಎಲ್ಲಾ ಆಸ್ಪತ್ರೆ ಬಾಗಿಲಲ್ಲೂ ಇರ್ತಾರೆ.

ಅವರಿಗೆ ಯಾರೂ ಹೇಳದೇ ಇದ್ದಿದ್ದು ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್. ಮೂಳೆ ಮುರಿದಂಥ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಾದ್ರೆ 5 ಲಕ್ಷ. ಯಾರ ನಿರ್ಲಕ್ಷ್ಯ ಅಂತ ಸಾಬೀತು ಮಾಡ್ಬೇಕಾಗೇ ಇಲ್ಲ. ಚಿಕಿತ್ಸೆಗೆ ಕೇಂದ್ರದ ಕ್ಯಾಶ್‌ಲೆಸ್ ಸ್ಕೀಮ್ 2025ರಲ್ಲಿ ಬಂದಿದೆ, ಮೊದಲ ಏಳು ದಿನಕ್ಕೆ 1.5 ಲಕ್ಷದವರೆಗೆ. ಹುಡುಗನಿಗೆ ದುಡ್ಡು ಬರಲಿ, ಬರಲೇಬೇಕು. ಅದಕ್ಕೆ ನಾನು ಆರೋಪಿ ಆಗ್ಲೇಬೇಕು ಅಂತೇನಿಲ್ಲ. ಅವರ ವಕೀಲರನ್ನೇ ಕೇಳಿ ಅಂತ ಸೆಕ್ಷನ್ ನಂಬರ್ ಚೀಟಿಯಲ್ಲಿ ಬರೆದು ಕೊಟ್ಟೆ.

ಕೊನೆಗೆ, ಎಲ್ಲರೂ ಕೊಡೋ ಸಲಹೆ: "ದಂಡ ಕಟ್ಟಿ ಮುಗಿಸ್ಕೊಳ್ಳಿ." ಕೋರ್ಟಲ್ಲಿ ತಪ್ಪೊಪ್ಪಿಕೊಂಡ್ರೆ ಸಾಮಾನ್ಯವಾಗಿ ಸಣ್ಣ ದಂಡದಲ್ಲಿ ಮುಗಿಯುತ್ತೆ, ನಿಜ. 281ಕ್ಕೆ ಗರಿಷ್ಠ ದಂಡ 1,000, 125(ಬಿ)ಗೆ 10,000. ಆದ್ರೆ 281ಕ್ಕೆ ಆರು ತಿಂಗಳವರೆಗೆ, 125(ಬಿ)ಗೆ ಮೂರು ವರ್ಷದವರೆಗೆ ಜೈಲೂ ಬರೆದಿದೆ. ಒಪ್ಪಿಕೊಂಡಿದ್ದು ಶಿಕ್ಷೆ ಅಂತ ದಾಖಲಾಗುತ್ತೆ, ಎಂಎಸಿಟಿಯಲ್ಲಿ ಅದನ್ನೇ ತೆಗೆದು ತೋರಿಸ್ತಾರೆ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕೋವಾಗ ಆ ಕಾಲಂ ತುಂಬಬೇಕು. ನಿಜವಾಗ್ಲೂ ನಿಮ್ಮ ತಪ್ಪಿದ್ರೆ ಅದು ಬೇರೆ ಮಾತು. ತಪ್ಪಿಲ್ದೇ ಬರೀ ಬೇಗ ಮುಗೀಲಿ ಅಂತ ಒಪ್ಕೊಳ್ಳೋದು, ನನ್ನ ಪ್ರಕಾರ, ಇರೋದ್ರಲ್ಲೇ ದುಬಾರಿ ದಾರಿ.

ಪೊಲೀಸರು ನನ್ನ ಮೇಲೆ ಚಾರ್ಜ್‌ಶೀಟ್ ಹಾಕಿದ್ದಾರೆ. ಟೀ ಅಂಗಡಿಯವರ ಹೇಳಿಕೆ, ಐಎಂವಿ ರಿಪೋರ್ಟ್ ಎರಡೂ ಅದರೊಳಗೇ ಇವೆ. ಡ್ಯಾಶ್‌ಕ್ಯಾಮ್ ಕಾರ್ಡು ಆವತ್ತೇ ತೆಗೆದಿಟ್ಟಿದ್ದೆ, ಇಲ್ಲಾಂದ್ರೆ ಅದರ ಮೇಲೇ ಮತ್ತೆ ರೆಕಾರ್ಡ್ ಆಗ್ತಿತ್ತು. ಕ್ಲಿಪ್ ಜೊತೆ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಸರ್ಟಿಫಿಕೇಟ್ ಬೇಕು, ಒಂದು ಭಾಗಕ್ಕೆ ನಮ್ಮ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಅದನ್ನ ಮಾಡಿಸ್ತಿದ್ದೀವಿ. ಜಡ್ಜ್ ಕೇಳಿದಾಗ ತಪ್ಪೊಪ್ಪಲ್ಲ ಅಂತ ಹೇಳಿದ್ದೀನಿ. ಸಾಕ್ಷಿ ವಿಚಾರಣೆಗೆ ಡೇಟ್ ಕೊಟ್ಟಿದ್ದಾರೆ, ಅಲ್ಲಿ ಏನಾಯ್ತು ಅಂತ ಮುಂದಿನ ವಿಡಿಯೋದಲ್ಲಿ ಹೇಳ್ತೀನಿ.