ಸಲಾಕೆ ಹಿಡಿದ ಪಿಪಿನ್

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ಅಮೆರಿಕದ ಹೊರೇಸ್ ಪಿಪಿನ್ ಬಗ್ಗೆ ‘ಯಾರೂ ಕಲಿಸದ ಚಿತ್ರಕಾರ’ ಅಂತ ಅಚ್ಚು ಹಾಕಿಸಿದ್ದೀರಿ. ನನ್ನ ತಕರಾರು ಅಲ್ಲಿಂದಲೇ ಶುರು. ಇಂಥವರಿಗೆ ಏನಿರಲಿಲ್ಲ ಅಂತ ಹೇಳಿ ಮುಗಿಸಿಬಿಡುತ್ತೇವೆ. ಏನಿತ್ತು ಅಂತ ನೋಡುವುದೇ ಇಲ್ಲ.

ಹೊರೇಸ್ ಪಿಪಿನ್ ಹುಟ್ಟಿದ್ದು 1888ರಲ್ಲಿ, ಪೆನ್ಸಿಲ್ವೇನಿಯಾದ ವೆಸ್ಟ್ ಚೆಸ್ಟರ್‌ನ ಕಪ್ಪು ಜನರ ಬಡ ಮನೆಯಲ್ಲಿ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಗೋಷೆನ್‌ನಲ್ಲಿ. ಚಿಕ್ಕ ಹುಡುಗ ಪತ್ರಿಕೆಯೊಂದರ ಸ್ಪರ್ಧೆಗೆ ಚಿತ್ರ ಕಳಿಸಿ ಕ್ರೇಯಾನ್ ಡಬ್ಬಿ ಗೆದ್ದ. ಆಮೇಲೆ ಸಂಡೇ ಸ್ಕೂಲಿನ ಜಾತ್ರೆ ಬಂತು. ಹುಡುಗ ಬಿಳಿ ಬಟ್ಟೆಯ ತುಂಡುಗಳ ಅಂಚಿನ ನೂಲು ಬಿಡಿಸಿ ಕುಚ್ಚು ಮಾಡಿದ, ಅದರ ಮೇಲೆ ಬೈಬಲ್ ಕಥೆಗಳ ಚಿತ್ರ ಬರೆದು ಮಾರಾಟಕ್ಕೆ ಕೊಟ್ಟ. ಕೊಂಡ ಹೆಂಗಸೊಬ್ಬರು ಮುಂದೊಂದು ದಿನ ಎದುರಿಗೆ ಸಿಕ್ಕಿ ತರಾಟೆಗೆ ತೆಗೆದುಕೊಂಡರು. ಒಗೆದರೆ ಚಿತ್ರವೇ ಮಾಯ! ಉಳಿದದ್ದು ಶುಭ್ರವಾದ ಬಟ್ಟೆ, ಸುತ್ತ ಕುಚ್ಚು. ಕ್ರೇಯಾನ್ ಒಗೆತಕ್ಕೆ ತಡೆಯೋದಿಲ್ಲ ಅಂತ ಹುಡುಗನೇ ಹೇಳಬೇಕಾಯಿತು. ನಗಬೇಡ್ರಪ್ಪ, ಒಗೆದರೂ ಉಳಿಯುವ ಚಿತ್ರ ನಾನೂ ಬರೆದಿಲ್ಲ.

ಮೊದಲ ಮಹಾಯುದ್ಧ. ಪಿಪಿನ್ ಇದ್ದದ್ದು ಕಪ್ಪು ಸೈನಿಕರ 369ನೇ ರೆಜಿಮೆಂಟಿನಲ್ಲಿ, ಅದೇ ‘ಹಾರ್ಲೆಮ್ ಹೆಲ್‌ಫೈಟರ್ಸ್’ ಅಂತ ಹೆಸರಾದ ಪಡೆ. 1918ರಲ್ಲಿ ಫ್ರಾನ್ಸಿನಲ್ಲಿ ಬಲಭುಜಕ್ಕೆ ಗುಂಡು ಬಿತ್ತು. ಊರಿಗೆ ಬಂದ ಮೇಲೆ ಸಣ್ಣ ಪಿಂಚಣಿ. ಹೆಂಡತಿ ಬೇರೆಯವರ ಬಟ್ಟೆ ಒಗೆಯುತ್ತಿದ್ದರು, ಇವರು ಮನೆಮನೆಗೆ ಮುಟ್ಟಿಸುತ್ತಿದ್ದರು. ನೋಡಿ, ಒಗೆತ ಬಿಡಲೇ ಇಲ್ಲ!

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಒಲೆ ಕೆದಕುವ ಕಬ್ಬಿಣದ ಸಲಾಕೆ ಗೊತ್ತಲ್ವಾ? ಅದನ್ನು ಕೆಂಪಗೆ ಕಾಯಿಸಿ, ಬಲಗೈಯಲ್ಲಿ ಹಿಡಿದು, ಆ ಕೈಯನ್ನು ಮೊಣಕಾಲಿಗೆ ಊರಿಕೊಳ್ಳುತ್ತಿದ್ದರು. ಎಡಗೈಯಲ್ಲಿ ಮರದ ಹಲಗೆ. ಸಲಾಕೆ ಇದ್ದಲ್ಲೇ ಇರುತ್ತಿತ್ತು, ಹಲಗೆ ಅದರ ತುದಿಗೆ ತಾಗಿಕೊಂಡು ಓಡಾಡುತ್ತಿತ್ತು. ಸುಟ್ಟ ಗೆರೆ ಮೂಡುತ್ತಾ ಹೋಗುತ್ತಿತ್ತು. ಯಾವ ಮೇಷ್ಟ್ರು ಹೇಳಿಕೊಡುತ್ತಾರೆ ಇದನ್ನ? ಸೋತ ಭುಜಕ್ಕೆ ತಾವೇ ಕಂಡುಕೊಂಡ ಉಪಾಯ. ಇದಕ್ಕೂ ‘ಕಲಿಯದವ’ ಅನ್ನಬೇಕಾ?

ಎಣ್ಣೆಬಣ್ಣಕ್ಕೆ ಬಂದಾಗ ಬಲಗೈಗೆ ಎಡಗೈ ಆಸರೆ. ‘ಯುದ್ಧದ ಕೊನೆ: ಮನೆಯ ಕಡೆಗೆ’ ಚಿತ್ರಕ್ಕೆ 1930ರಿಂದ 33ರವರೆಗೆ, ಮೂರು ವರ್ಷ ಹಿಡಿಯಿತು. ಬಣ್ಣದ ಮೇಲೆ ಬಣ್ಣ, ದಪ್ಪಗೆ. ಚೌಕಟ್ಟಿನ ಮೇಲೂ ಮರದಲ್ಲಿ ಕೆತ್ತಿದ ಹೆಲ್ಮೆಟ್ಟು, ಬಾಂಬು, ಟ್ಯಾಂಕು. ಹೆಸರೇನೋ ಮನೆಯ ಕಡೆಗೆ. ಚಿತ್ರದಲ್ಲಿ ಮುಳ್ಳುತಂತಿ, ಉರಿಯುತ್ತಾ ಬೀಳುವ ವಿಮಾನ, ಕೈ ಎತ್ತಿ ಶರಣಾಗುವ ಜರ್ಮನ್ನರು. ಮನೆಗೆ ಹೊರಟವರು ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಚೀಟಿ ಬಂತು, ಐದೇ ನಿಮಿಷವಂತೆ. ಬೇಗ ಹೇಳುತ್ತೇನೆ. 1937ರಲ್ಲಿ ವೆಸ್ಟ್ ಚೆಸ್ಟರ್‌ನಲ್ಲೇ ಪ್ರದರ್ಶನ, 1938ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ನಾಲ್ಕು ಚಿತ್ರ. ಸಂಗ್ರಾಹಕ ಆಲ್ಬರ್ಟ್ ಬಾರ್ನ್ಸ್ ಚಿತ್ರ ಕೊಂಡರು. ಅವರ ಸಂಸ್ಥೆಯ ತರಗತಿಗೂ ಪಿಪಿನ್ ಸ್ವಲ್ಪ ದಿನ ಹೋಗಿ ಬಿಟ್ಟರು. ಕಲಿಸುವವರು ಸಿಕ್ಕಿದ್ದರು ಸ್ವಾಮಿ, ಇವರೇ ಎದ್ದು ಬಂದರು! ಮುಂದಿನ ಸಲ ಆಹ್ವಾನ ಪತ್ರಿಕೆಯಲ್ಲಿ ಅದನ್ನೂ ಹಾಕಿಸಿ. 1946ರಲ್ಲಿ, 58ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೊನೆಯ ಸ್ಲೈಡ್ ಹಾಕಿ. 1942ರ ಚಿತ್ರ. ಗುಲಾಮಗಿರಿ ವಿರುದ್ಧ ದಂಗೆ ಎದ್ದ ಜಾನ್ ಬ್ರೌನ್‌ನನ್ನು 1859ರಲ್ಲಿ ನೇಣಿಗೆ ಒಯ್ಯುತ್ತಿದ್ದಾರೆ. ಬಂಡಿಯಲ್ಲಿ ತನ್ನ ಶವಪೆಟ್ಟಿಗೆಯ ಮೇಲೇ ಕೂತಿದ್ದಾನೆ. ಬಲಮೂಲೆಗೆ ಬನ್ನಿ. ಕಪ್ಪು ಹೆಂಗಸೊಬ್ಬಳು ಬಂಡಿಗೆ ಬೆನ್ನು ಹಾಕಿ ನಮ್ಮತ್ತ ದುರುಗುಟ್ಟಿಕೊಂಡು ನೋಡುತ್ತಿದ್ದಾಳೆ. ಪಿಪಿನ್ ಅವರ ಅಜ್ಜಿ ಆ ನೇಣನ್ನು ಕಂಡವರು ಅಂತ ಹೇಳುತ್ತಾರೆ. ಲೈಟ್ ಈಗಲೇ ಹಾಕಬೇಡಿ. ಹಿಂದಿನ ಸಾಲಿನವರು ಬೇಕಾದರೆ ಹತ್ತಿರ ಬಂದು ಆ ಮುಖ ನೋಡಿ.