ಇಂಗ್ಲಿಷಿನ ದಿನಬಳಕೆಯಲ್ಲಿ ಸಣ್ಣ ಅಳತೆಗಳು

ಮಾನ್ಯ ಅಧ್ಯಕ್ಷರೇ, ಇಂಗ್ಲಿಷ್ ಅಧ್ಯಾಪಕ ಮಿತ್ರರೇ,

ಮೆಟ್ರಿಕ್ ಪದ್ಧತಿಗೆ ಬದಲಾಗುವ ಕೆಲಸವನ್ನು ಬ್ರಿಟನ್ 1965ರಲ್ಲೇ ಕೈಗೆತ್ತಿಕೊಂಡಿತು. ಅಲ್ಲಿನ ಮಕ್ಕಳು ದಶಕಗಳಿಂದ ಶಾಲೆಯಲ್ಲಿ ಸೆಂಟಿಮೀಟರನ್ನೇ ಕಲಿಯುತ್ತಿದ್ದಾರೆ. ಆದರೂ ಒಬ್ಬರ ಎತ್ತರವೆಷ್ಟೆಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ‘ಫೈವ್ ಫುಟ್ ಸಿಕ್ಸ್’ ಎಂದೇ. ಈ ಮಾತಿನಲ್ಲಿ ಇಂಚಿನ ಹೆಸರೇ ಇಲ್ಲ, ‘ಫುಟ್’ ಕೂಡ ಬಹುವಚನಕ್ಕೆ ತಿರುಗಿಲ್ಲ. ವಿದ್ಯಾರ್ಥಿಯೊಬ್ಬ ಹೀಗೆ ಬರೆದರೆ ನಾವು ಕೆಂಪು ಶಾಯಿ ಎಳೆಯಬಾರದು.

ಯಾವ ಅಳತೆ ಎಲ್ಲಿ ಸಲ್ಲುತ್ತದೆಂಬುದನ್ನು ಕಾನೂನಿಗಿಂತ ಹೆಚ್ಚಾಗಿ ಅಳೆಯುವ ವಸ್ತುವೂ ಅಳೆಯುವವರ ಕಸುಬೂ ನಿರ್ಧರಿಸುತ್ತವೆ. ಬ್ರಿಟನ್ನಿನ ಕಟ್ಟಡದ ನಕ್ಷೆಗಳಲ್ಲಿ ಮಿಲಿಮೀಟರ್ ಇರುತ್ತದೆ, ದೂರದರ್ಶನದ ಪರದೆಗೆ ಇಂಚು. ಇಂಚಿನ ಸಾವಿರದಲ್ಲೊಂದು ಪಾಲನ್ನು ಬ್ರಿಟನ್ನಿನ ಯಂತ್ರಕುಶಲಿಗಳು ‘ಥೌ’ ಎನ್ನುತ್ತಾರೆ, ಅಮೆರಿಕದವರು ‘ಮಿಲ್’ ಎನ್ನುತ್ತಾರೆ. ಆದರೆ ಬ್ರಿಟಿಷರ ಆಡುಮಾತಿನಲ್ಲಿ ‘ಮಿಲ್’ ಎಂದರೆ ಮಿಲಿಮೀಟರ್. ಇಂಚು 25.4 ಮಿಲಿಮೀಟರ್ ಆಗಿರುವುದರಿಂದ ಒಂದೇ ಪದದ ಈ ಎರಡು ಅರ್ಥಗಳ ನಡುವೆ ಸುಮಾರು 39 ಪಟ್ಟು ಅಂತರವಿದೆ.

ಕುದುರೆಯ ಎತ್ತರದ ಲೆಕ್ಕವನ್ನು ತುಸು ಬಿಡಿಸಿಯೇ ಹೇಳಬೇಕು. ನೆಲದಿಂದ ಹೆಗಲವರೆಗಿನ ಎತ್ತರವನ್ನು ‘ಹ್ಯಾಂಡ್’ಗಳಲ್ಲಿ ಹೇಳುವುದು ವಾಡಿಕೆ, ಒಂದು ಹ್ಯಾಂಡಿಗೆ ನಾಲ್ಕು ಇಂಚು. ‘14.2’ ಎಂದು ಬರೆದಿದ್ದರೆ ಆ ಚುಕ್ಕೆ ದಶಮಾಂಶದ್ದಲ್ಲ, ಹದಿನಾಲ್ಕು ಹ್ಯಾಂಡು ಮತ್ತು ಎರಡು ಇಂಚು, ಅಂದರೆ ಒಟ್ಟು 58 ಇಂಚು ಎಂದರ್ಥ. 14.3ರ ನಂತರ ನೇರವಾಗಿ 15 ಬರುತ್ತದೆ. ಇದನ್ನು ಅರಿಯದೆ ಗುಣಿಸಿದವರಿಗೆ 56.8 ಇಂಚು ಸಿಗುತ್ತದೆ, ಕುದುರೆ ಒಂದು ಇಂಚಿಗೂ ಹೆಚ್ಚು ಕುಗ್ಗುತ್ತದೆ.

ಇನ್ನು ಪಾದರಕ್ಷೆ. ಬ್ರಿಟಿಷ್ ಅಳತೆಯಲ್ಲಿ ಏಳನೆಯ ನಂಬರಿಗೂ ಎಂಟನೆಯ ನಂಬರಿಗೂ ಇರುವ ವ್ಯತ್ಯಾಸ ಇಂಚಿನ ಮೂರನೆಯ ಒಂದು ಭಾಗ. ಹಳೆಯ ಲೆಕ್ಕದಲ್ಲಿ ಅದು ಒಂದು ಬಾರ್ಲಿ ಕಾಳಿನ ಉದ್ದ. ಆ ಕಾಳಿನ ಹೆಸರು ಬಳಕೆಯಿಂದ ಮರೆಯಾದರೂ ಅಳತೆ ಮಾತ್ರ ನಮ್ಮೂರಿನ ಚಪ್ಪಲಿ ಅಂಗಡಿಗಳಲ್ಲೂ ಉಳಿದುಕೊಂಡಿದೆ ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಇಂಚು ಇಂಗ್ಲಿಷಿನಲ್ಲಿ ಕ್ರಿಯಾಪದವೂ ಆಗಿದೆ: ದಟ್ಟಣೆಯಲ್ಲಿ ಸಿಕ್ಕಿದ ವಾಹನ ‘ಇಂಚ್’ ಮಾಡುತ್ತಾ ಮುಂದೆ ಸಾಗುತ್ತದೆ. ಸೆಂಟಿಮೀಟರಿಗೆ ಆ ಸಲುಗೆ ದಕ್ಕಲಿಲ್ಲ.

ಈ ಪಾಠಕ್ಕೆ ಬೇಕಾದ ಉದಾಹರಣೆ ನಮ್ಮ ಕೊಡಗಿನಲ್ಲೇ ಇದೆ. ಕಾಫಿ ಬೆಳೆಗಾರರು ಹೂಮಳೆಯನ್ನು, ಅಂದರೆ ಕಾಫಿ ಗಿಡ ಹೂಬಿಡಲು ಬೇಕಾದ ಮಳೆಯನ್ನು, ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿ ಹೇಳುತ್ತಾರೆ. ಈ ಸೆಂಟು ಜಮೀನಿನದಲ್ಲ, ಇಂಚಿನ ನೂರರಲ್ಲೊಂದು ಭಾಗ. ‘ಒಂದು ಇಂಚು ಇಪ್ಪತ್ತು ಸೆಂಟು’ ಎಂದರೆ 1.20 ಇಂಚು, ಇಲ್ಲಿ ಚುಕ್ಕೆ ನಿಜವಾಗಿಯೂ ದಶಮಾಂಶದ್ದು. ಕುದುರೆಯ 14.2ನ್ನೂ ಮಳೆಯ 1.20ನ್ನೂ ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಎರಡನ್ನೂ ಇಂಚಿಗೆ ತರುವಂತೆ ಮಕ್ಕಳಿಗೆ ಹೇಳಿ ಪಾಠ ಆರಂಭಿಸಬೇಕೆಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.