ನಿಮ್ಮ ಸಾಕ್ಷಿಯಲ್ಲಿ ಈ ವಾರದ್ದು ಏನಿದೆ?

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಇಂದು ಬೇರೆಯದೇ ವಿಷಯ ಮಾತನಾಡಬೇಕೆಂದಿದ್ದೆ. ಬರೆದು ಸಿದ್ಧಪಡಿಸಿದ ಹಾಳೆಗಳು ಇಲ್ಲೇ ಮೇಜಿನ ಮೇಲಿವೆ. ಆದರೆ ಕಳೆದ ವಿಡಿಯೋದ ಕೆಳಗೆ ಒಬ್ಬ ಸಹೋದರರು ಹಾಕಿದ ಕಾಮೆಂಟ್ ಓದಿದ ಮೇಲೆ ಆ ಹಾಳೆಗಳನ್ನು ಪಕ್ಕಕ್ಕೆ ಸರಿಸಿದೆ. ಅವರು ಬರೆದದ್ದು ಇಷ್ಟು: "ಬ್ರದರ್, ನಾನು ರಕ್ಷಣೆ ಹೊಂದಿ ಇಪ್ಪತ್ತೆರಡು ವರ್ಷವಾಯಿತು. ದಿನವೂ ಪ್ರಾರ್ಥಿಸಿ, ವಾಕ್ಯ ಓದಿ ಎಂಬ ಪಾಠವನ್ನು ಹೊಸ ವಿಶ್ವಾಸಿಗಳಿಗೆ ಹೇಳಿ. ನಮ್ಮಂಥವರಿಗೆ ಆಳವಾದ ವಿಷಯ ಕೊಡಿ." ಕೊನೆಯಲ್ಲಿ ಕೈಮುಗಿದ ಚಿತ್ರ ಬೇರೆ.

ನಿಜ ಹೇಳಬೇಕೆಂದರೆ ಕಾಮೆಂಟ್ ನನ್ನನ್ನು ಅಷ್ಟಾಗಿ ಕೆಣಕಲಿಲ್ಲ. ಅದಕ್ಕೆ ಬಿದ್ದ ಲೈಕ್‌ಗಳು ಕೆಣಕಿದವು. ನನ್ನ ವಿಡಿಯೋಗೆ ಬಿದ್ದದ್ದಕ್ಕಿಂತ ಹೆಚ್ಚು! ಇದು ಅಸೂಯೆಯಲ್ಲ. ಇದ್ದರೂ ಸ್ವಲ್ಪ ಮಾತ್ರ.

ನನ್ನ ಪ್ರಶ್ನೆ ಒಂದೇ. ಇಪ್ಪತ್ತೆರಡು ವರ್ಷದ ಹಿಂದಿನ ಸಾಕ್ಷಿ, ಅಂದರೆ ದೇವರು ನಿಮ್ಮನ್ನು ರಕ್ಷಿಸಿದ ಕಥೆ, ಚೆನ್ನಾಗಿದೆ, ದೇವರಿಗೆ ಸ್ತೋತ್ರ. ಈ ವಾರದ್ದು ಏನಿದೆ? ಈ ವಾರ ದೇವರು ನಿಮ್ಮೊಂದಿಗೆ ಏನು ಮಾತನಾಡಿದನು? ಈ ವಾರ ಯಾವ ಪಾಪದ ವಿಷಯದಲ್ಲಿ ನಿಮ್ಮ ಎದೆಗೆ ಚುಚ್ಚಿತು? ಅನೇಕರ ಸಾಕ್ಷಿ ನನಗೆ ಬಾಯಿಪಾಠವಾಗಿಬಿಟ್ಟಿದೆ. ಎಲ್ಲಿ ಅಳುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ, ಎಲ್ಲಿ "ಹಲ್ಲೆಲೂಯ" ಎನ್ನುತ್ತಾರೆ, ಎಲ್ಲವೂ ಗೊತ್ತು. ಅದರಲ್ಲಿ ದೀಕ್ಷಾಸ್ನಾನದ ನಂತರ ಏನೂ ನಡೆಯುವುದೇ ಇಲ್ಲ!

ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ಮನ್ನ ಸಿಕ್ಕಿತಲ್ಲ, ವಿಮೋಚನಕಾಂಡ 16ನೇ ಅಧ್ಯಾಯ. ಮಾರನೆಯ ದಿನಕ್ಕೆ ಏನನ್ನೂ ಉಳಿಸಿಕೊಳ್ಳಬೇಡಿರಿ ಎಂದು ಮೋಶೆ ಹೇಳಿದನು. ಕೆಲವರು ಉಳಿಸಿಕೊಂಡರು. ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾರಿತು. ಗಮನಿಸಿ, ಅದು ಕೆಟ್ಟ ಆಹಾರವಲ್ಲ. ದೇವರೇ ಆಕಾಶದಿಂದ ಕೊಟ್ಟದ್ದು. ಒಂದು ರಾತ್ರಿ ಇಟ್ಟದ್ದಕ್ಕೇ ಆ ಗತಿಯಾದರೆ, ನೀವು ಇಪ್ಪತ್ತೆರಡು ವರ್ಷ ಇಟ್ಟಿದ್ದೀರಿ. ಸಬ್ಬತ್ತಿನ, ಅಂದರೆ ವಿಶ್ರಾಂತಿಯ ದಿನದ, ಹಿಂದಿನ ದಿನದ ಮನ್ನ ಕೆಡಲಿಲ್ಲವಲ್ಲ ಎಂದು ಕಾಮೆಂಟ್ ಹಾಕಲು ಈಗ ಯಾರೋ ಬೆರಳು ಮಸೆಯುತ್ತಿರುತ್ತೀರಿ. ಹೌದು, ಕೆಡಲಿಲ್ಲ. ನಿಮ್ಮದು ಆ ಮನ್ನವಲ್ಲ. ಮುಂದೆ ಹೋಗೋಣ.

ಆತ್ಮಿಕ ನಿರ್ಲಕ್ಷ್ಯ ಎಂದಕೂಡಲೇ ಎಲ್ಲರೂ ಪ್ರಕಟನೆ ಪುಸ್ತಕದಲ್ಲಿ ಲವೊದಿಕೀಯದ ಸಭೆಗೆ ಕರ್ತನು ಬರೆಸಿದ ಪತ್ರಕ್ಕೆ ಓಡುತ್ತಾರೆ. ಉಗುರುಬೆಚ್ಚಗಿನ ನೀರು, ಬಾಯಿಂದ ಕಾರುವುದು, ಮೂರು ಅಂಶಗಳ ಪ್ರಸಂಗ, ಆಮೆನ್. ಅದೇ ಪ್ರಕಟನೆ 3ನೇ ಅಧ್ಯಾಯ ಶುರುವಾಗುವುದು ಬೇರೆ ಊರಿನಿಂದ. ಸಾರ್ದಿಸ್. ಆ ಸಭೆಗೆ ಕರ್ತನು ಹೇಳುವ ಮಾತು ನನ್ನನ್ನು ಹೆಚ್ಚು ಹೆದರಿಸುತ್ತದೆ: ಜೀವಿಸುತ್ತೀ ಎಂಬ ಹೆಸರು ನಿನಗಿದೆ, ಆದರೆ ಸತ್ತಿದ್ದೀ. ಅಂದರೆ ಊರೆಲ್ಲ ಅವರನ್ನು ಒಳ್ಳೆಯ ಸಭೆ ಎಂದೇ ತಿಳಿದಿತ್ತು. ಹುಟ್ಟಿದ ದಿನಾಂಕ ಗೊತ್ತಿದ್ದ ಮಾತ್ರಕ್ಕೆ ಬದುಕಿದ್ದಾರೆಂದು ಅರ್ಥವಲ್ಲ ಸ್ವಾಮಿ, ಆ ದಿನಾಂಕವನ್ನು ಸಮಾಧಿಯ ಕಲ್ಲಿನ ಮೇಲೂ ಕೆತ್ತಿರುತ್ತಾರೆ.

ನಂತರ ಕರ್ತನು "ಎಚ್ಚರವಾಗಿರು" ಎನ್ನುತ್ತಾನೆ, ಎಚ್ಚರವಾಗಿರದಿದ್ದರೆ ಕಳ್ಳನಂತೆ ಬರುವೆನು ಎನ್ನುತ್ತಾನೆ. ಸಾರ್ದಿಸಿನವರಿಗೆ ಇದು ಬರೀ ಉಪದೇಶವಾಗಿ ಕೇಳಿಸಿರಲಾರದು. ಅವರ ಕೋಟೆ ಇದ್ದದ್ದು ಕಡಿದಾದ ಗುಡ್ಡದ ತುದಿಯಲ್ಲಿ. ಕ್ರಿ.ಪೂ. 6ನೇ ಶತಮಾನದಲ್ಲಿ ಪಾರಸಿಯ ರಾಜ ಸೈರಸ್, ನಮ್ಮ ಸತ್ಯವೇದದ ಕೋರೆಷನೇ, ಅದಕ್ಕೆ ಮುತ್ತಿಗೆ ಹಾಕಿದನು. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುವ ಪ್ರಕಾರ ಕೋಟೆಯ ಒಬ್ಬ ಸೈನಿಕನ ಶಿರಸ್ತ್ರಾಣ ಕೆಳಗೆ ಉರುಳಿತು. ಅವನು ಇಳಿದು ಬಂದು ಎತ್ತಿಕೊಂಡು ಹೋದನು. ಕೆಳಗಿದ್ದ ಶತ್ರು ಸೈನಿಕನೊಬ್ಬ ಅದನ್ನು ನೋಡಿದನು, ಅದೇ ದಾರಿಯಲ್ಲಿ ಹತ್ತಿದನು. ಅಲ್ಲಿ ಕಾವಲೇ ಇರಲಿಲ್ಲ. ಏಕೆ? ಅಷ್ಟು ಕಡಿದಾದ ಕಡೆಯಿಂದ ಯಾರು ಬರುತ್ತಾರೆ ಎಂದು!

ಕಥೆ ಮುಗಿಯಲಿಲ್ಲ. ಮೂರು ಶತಮಾನಗಳಿಗೂ ಹೆಚ್ಚು ಕಾಲದ ನಂತರ, ಸಿರಿಯದ ಅರಸ ಮೂರನೆಯ ಅಂತಿಯೋಕ ಅದೇ ಊರಿಗೆ ಮುತ್ತಿಗೆ ಹಾಕಿದನು. ಅವನ ಕಡೆಯ ಒಬ್ಬ ಯೋಧ ಗೋಡೆಯ ಒಂದು ಭಾಗದ ಮೇಲೆ ರಣಹದ್ದುಗಳು ಹಾಯಾಗಿ ಕುಳಿತಿರುವುದನ್ನು ಗಮನಿಸಿದನು. ಹದ್ದು ಹಾಯಾಗಿ ಕುಳಿತಿದೆ ಎಂದರೆ ಅಲ್ಲಿ ಮನುಷ್ಯರಿಲ್ಲ. ಆ ಕಡೆಯಿಂದಲೇ ಏಣಿ ಹಾಕಿ ಹತ್ತಿದರು. ಇತಿಹಾಸಕಾರ ಪೊಲಿಬಿಯಸ್ ಇದನ್ನು ಬರೆದಿಟ್ಟಿದ್ದಾನೆ. ಒಂದೇ ಊರು, ಎರಡು ಬಾರಿ, ಎರಡೂ ಬಾರಿ ಯಾರೂ ಕಾಯದೆ ಬಿಟ್ಟ ಜಾಗದಿಂದ. ನಿಮ್ಮ ಗೋಡೆಯ ಮೇಲೆ ಹದ್ದು ಎಲ್ಲಿ ಕುಳಿತಿದೆ? ನಾನು ಹೇಳಲೇ? "ಅದರಲ್ಲಿ ನಾನು ಗಟ್ಟಿ ಬ್ರದರ್" ಎಂದು ನೀವು ಹೇಳುತ್ತೀರಲ್ಲ, ಅಲ್ಲಿಯೇ.

ಈ ಹದ್ದಿನ ಭಾಗ ಇಷ್ಟವಾದರೆ ವಿಡಿಯೋವನ್ನು ಸಭೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ. ಪಾಸ್ಟರ್ ಇರುವ ಗುಂಪಿಗೂ ಹಾಕಿ, ಅವರೂ ಕೇಳಲಿ. ಸಬ್‌ಸ್ಕ್ರೈಬ್ ಮಾಡದೆ ನೋಡುವ ಪರಿಶುದ್ಧರು ಬಹಳ ಮಂದಿ ಇದ್ದೀರಿ ಎಂದು ಯೂಟ್ಯೂಬ್ ನನಗೆ ತೋರಿಸುತ್ತದೆ. ಬಚ್ಚಿಟ್ಟುಕೊಳ್ಳಬೇಡಿ.

ಈಗ ಉತ್ತರಗಳು ಬರುತ್ತವೆ. ಮೊದಲನೆಯದು: "ನಾವು ಕೃಪೆಯಲ್ಲಿದ್ದೇವೆ, ನಮ್ಮ ಮೇಲೆ ನಿಯಮಗಳನ್ನು ಹೊರಿಸಬೇಡಿ." ಅಬ್ಬಾ, ಕೃಪೆ! ಕೃಪೆಯ ಬಗ್ಗೆ ಪೌಲನಿಗಿಂತ ಹೆಚ್ಚು ಬರೆದವರು ಯಾರು? 1 ಕೊರಿಂಥ 15:10 ತೆಗೆಯಿರಿ. ತನಗೆ ಸಿಕ್ಕಿದ ಕೃಪೆ ವ್ಯರ್ಥವಾಗಲಿಲ್ಲ, ಎಲ್ಲರಿಗಿಂತ ಹೆಚ್ಚಾಗಿ ದುಡಿದೆನು, ದುಡಿದದ್ದು ನಾನಲ್ಲ, ನನ್ನೊಂದಿಗಿದ್ದ ದೇವರ ಕೃಪೆಯೇ ಎನ್ನುತ್ತಾನೆ. ಪೌಲನಿಗೆ ಸಿಕ್ಕಿದ ಕೃಪೆ ಅವನನ್ನು ದುಡಿಸಿತು, ನಿಮಗೆ ಸಿಕ್ಕಿದ್ದು ಮಲಗಿಸುತ್ತಿದೆ. ಎರಡೂ ಒಂದೇ ಕೃಪೆಯೋ ಎಂದು ನೀವೇ ನೋಡಿಕೊಳ್ಳಿ. ಫಿಲಿಪ್ಪಿಯವರಿಗೆ ಬರೆಯುವಾಗ ಅವನು ಸೆರೆಯಲ್ಲಿದ್ದನು, ಎಷ್ಟೋ ಸಭೆಗಳನ್ನು ಸ್ಥಾಪಿಸಿ ಆಗಿತ್ತು. ಆದರೂ ನಾನು ಇನ್ನೂ ಹಿಡಿದುಕೊಂಡವನಲ್ಲ, ಹಿಂದಿನದನ್ನು ಮರೆತು ಮುಂದಕ್ಕೆ ಓಡುತ್ತಿದ್ದೇನೆ ಎನ್ನುತ್ತಾನೆ. ಪೌಲನಿಗೇ ಸಾಕಾಗಲಿಲ್ಲ, ನಿಮಗೆ ಸಾಕಾಯಿತೇ?

ಎರಡನೆಯದು: "ದೇವರು ನನ್ನ ಹೃದಯವನ್ನು ಬಲ್ಲನು." ಬಲ್ಲನು. ನಿಮ್ಮ ಸಮಸ್ಯೆ ಅದೇ.

ಮೂರನೆಯದು ಸೇವೆಯವರದ್ದು. "ನಾನು ಗಾಯನ ತಂಡದಲ್ಲಿದ್ದೇನೆ, ಭಾನುವಾರ ಶಾಲೆ ನಡೆಸುತ್ತೇನೆ, ಕುರ್ಚಿ ಹಾಕುವುದೂ ನಾನೇ, ತೆಗೆಯುವುದೂ ನಾನೇ." ದೇವರು ಆಶೀರ್ವದಿಸಲಿ. ಆದರೆ ಎಫೆಸದ ಸಭೆಯನ್ನು ನೋಡಿ, ಪ್ರಕಟನೆ 2. ಕೆಲಸ ಇತ್ತು, ಪ್ರಯಾಸ ಇತ್ತು, ತಾಳ್ಮೆ ಇತ್ತು, ಸುಳ್ಳು ಅಪೊಸ್ತಲರನ್ನು ಪರೀಕ್ಷಿಸಿ ಹಿಡಿಯುವ ಬುದ್ಧಿಯೂ ಇತ್ತು. ಕರ್ತನು ಇವೆಲ್ಲವನ್ನೂ ಮೆಚ್ಚಿಕೊಂಡ ಮೇಲೂ ಹೇಳಿದನು: ಮೊದಲು ನಿನಗಿದ್ದ ಪ್ರೀತಿಯನ್ನು ಬಿಟ್ಟುಬಿಟ್ಟಿದ್ದೀ. ದೀಪಸ್ತಂಭವನ್ನೇ ತೆಗೆದುಬಿಡುವೆನು ಎಂದನು! ಕುರ್ಚಿ ಹಾಕಲು ಆರಂಭಿಸಿದ ವರ್ಷ ನಿಮಗೆ ನೆನಪಿದೆ. ಆತನೊಂದಿಗೆ ಏಕಾಂತದಲ್ಲಿ ಕುಳಿತದ್ದು ಯಾವಾಗ? ಈ ವಾರ ಕುಳಿತಿರೇ?

ನಾಲ್ಕನೆಯದು: "ಸಮಯವಿಲ್ಲ." ಈ ವಿಡಿಯೋವನ್ನು ಇಲ್ಲಿಯವರೆಗೆ ನೋಡಿದಿರಲ್ಲ?

ಹಿರಿಯ ವಿಶ್ವಾಸಿಗೆ ಯಾವುದು ಆಳವಾದ ವಿಷಯ ಎಂದು ಕೇಳುವವರು ದಾನಿಯೇಲನನ್ನು ನೋಡಬೇಕು. ಹುಡುಗನಾಗಿದ್ದಾಗ ಸೆರೆಹೋದನು, ಕ್ರಿ.ಪೂ. 605ರ ಸುಮಾರು. ಬಾಬೆಲ್ ಬಿದ್ದದ್ದು 539ರಲ್ಲಿ. ಸಿಂಹದ ಗವಿಯ ಸಂಗತಿ ನಡೆದದ್ದು ಅದಾದ ಮೇಲೆ. ಚಿತ್ರಗಳಲ್ಲಿ ತರುಣನಂತೆ ಬರೆಯುತ್ತಾರೆ, ನಂಬಬೇಡಿ, ಅವನಿಗೆ ಎಂಬತ್ತರ ಆಸುಪಾಸು. ಅರಸರ ಕನಸುಗಳಿಗೆ ಅರ್ಥ ಹೇಳಿದವನು, ದರ್ಶನಗಳನ್ನು ಕಂಡವನು. ಆರು ದಶಕಗಳ ಅನುಭವ! ಪ್ರಾರ್ಥನೆ ಹೊಸಬರಿಗೆ, ನಮ್ಮಂಥವರಿಗೆ ಆಳವಾದದ್ದು ಕೊಡಿ ಎಂದು ಅವನು ಹೇಳಬಹುದಿತ್ತು. ಆದರೆ ಅರಸನನ್ನು ಬಿಟ್ಟು ಬೇರೆ ಯಾರಿಗೂ ಪ್ರಾರ್ಥಿಸಬಾರದು, ಪ್ರಾರ್ಥಿಸಿದರೆ ಸಿಂಹದ ಗವಿ ಎಂಬ ರಾಜಾಜ್ಞೆ ಹೊರಟಿದೆ ಎಂದು ತಿಳಿದ ಮೇಲೂ ಮನೆಗೆ ಹೋಗಿ, ಯೆರೂಸಲೇಮಿನ ಕಡೆಗೆ ತೆರೆದ ಕಿಟಕಿಯ ಬಳಿ, ದಿನಕ್ಕೆ ಮೂರು ಬಾರಿ ಮೊಣಕಾಲೂರಿದನು. ಆರನೆಯ ಅಧ್ಯಾಯದ 10ನೇ ವಚನ ಮುಗಿಯುವುದು ಹೇಗೆ ಗೊತ್ತೇ? ಮೊದಲಿನಿಂದ ಮಾಡುತ್ತಿದ್ದಂತೆಯೇ. ಆ ಮುದುಕನ ಸಾಕ್ಷಿಯಲ್ಲಿ ಆ ದಿನದ್ದೂ ಇತ್ತು. ನಿಮ್ಮದರಲ್ಲಿ?

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ಯಾಕೋಬ 4:8, ದೇವರ ಸಮೀಪಕ್ಕೆ ಬನ್ನಿರಿ, ಆಗ ಆತನು ನಿಮ್ಮ ಸಮೀಪಕ್ಕೆ ಬರುವನು. ಇಷ್ಟೇ. ಇದಕ್ಕೆ ಹತ್ತು ಹೆಜ್ಜೆಗಳ ಪಟ್ಟಿ ನನ್ನ ಬಳಿ ಇಲ್ಲ. ಇದ್ದಿದ್ದರೆ ಈ ಹೊತ್ತಿಗೆ ಅದನ್ನೂ ಒಂದು ಸರಣಿ ಮಾಡಿರುತ್ತಿದ್ದೆ. ಸರಣಿ ಎಂದಾಗ ನೆನಪಾಯಿತು, ಬೆಳಗಿನ ಕೀರ್ತನೆಗಳ ಸರಣಿ ಇದೇ ಚಾನೆಲ್‌ನಲ್ಲಿ ನಡೆಯುತ್ತಿದೆ. 117ನೇ ಕೀರ್ತನೆಗೆ ಎರಡೇ ವಚನ. ಅದಕ್ಕೂ ಸಮಯವಿಲ್ಲ ಎನ್ನುವವರು ನನಗೆ ಬರೆಯಲೇಬೇಡಿ. 119ನೆಯದಕ್ಕೆ 176 ವಚನಗಳಿವೆ, ಅದಕ್ಕೆ ಬಂದಾಗ ನನಗಾಗಿ ಪ್ರಾರ್ಥಿಸಿ ಎಂದು ನಾನೇ ನಿಮ್ಮನ್ನು ಕೇಳಿಕೊಳ್ಳುತ್ತೇನೆ.

ಯಾರೋ ಮನಸ್ಸಿನಲ್ಲಿ "ಬ್ರದರ್ ಇಂದು ತುಂಬ ಖಾರವಾಗಿದ್ದಾರೆ" ಎನ್ನುತ್ತಿದ್ದೀರಿ. ಹೌದು, ಖಾರವಾಗಿದ್ದೇನೆ. ನೀವೂ ಒಮ್ಮೆ ಖಾರವಾಗಿ. ನನ್ನ ಮೇಲಲ್ಲ, ನಿಮ್ಮ ಮೇಲೆ. ಇಪ್ಪತ್ತೆರಡು ವರ್ಷವಂತೆ! ಐವತ್ತು ವರ್ಷವಾಗಿರಲಿ, ನಿಮ್ಮ ಅಜ್ಜಿಯ ಕಾಲದಿಂದ ನಿಮ್ಮ ಮನೆತನ ಸಭೆಯಲ್ಲಿರಲಿ, ಮೊದಲ ಸಾಲಿನ ಕುರ್ಚಿ ನಿಮ್ಮದೇ ಆಗಿರಲಿ. ಈ ವಾರದ್ದು ಏನಿದೆ? ಸುಮ್ಮನೆ ಕೇಳುತ್ತಿದ್ದೇನೆ. ಉತ್ತರ ನನಗೆ ಬೇಡ, ಕಾಮೆಂಟ್‌ನಲ್ಲಿಯೂ ಬೇಡ. ಅಥವಾ ಹಾಕಿ, ಕಾಮೆಂಟ್ ಹೆಚ್ಚಾದರೆ ವಿಡಿಯೋ ಹೆಚ್ಚು ಜನರಿಗೆ ತಲುಪುತ್ತದೆ.

ಮುಂದಿನ ವಾರ ಉಪವಾಸದ ವಿಷಯ. ಅದರಲ್ಲಿಯೂ ಉಪವಾಸದ ದಿನವೇ ತಮ್ಮ ಬಾಡಿದ ಮುಖದ ಫೋಟೋ ಸ್ಟೇಟಸ್‌ಗೆ ಹಾಕುವವರ ವಿಷಯ. ಮತ್ತಾಯ 6ನೇ ಅಧ್ಯಾಯ ಓದಿಕೊಂಡು ಬನ್ನಿ. ಗಂಟೆಯ ಗುರುತನ್ನು ಒತ್ತಿರಿ, ಇಲ್ಲವಾದರೆ ವಿಡಿಯೋ ಬಂದದ್ದು ನಿಮಗೆ ಗೊತ್ತಾಗುವುದಿಲ್ಲ, ಆಮೇಲೆ ನನ್ನನ್ನು ದೂರಬೇಡಿ. ಸಮಾಧಾನವಿರಲಿ.